ಓನರ್ ಒಡೆದ ಬೂದುಗುಂಬಳ

ನನ್ನದು ನೇಕೆಡ್ ಬೈಕು. ಮೈಗೆ ಹೊದಿಕೆಯಿಲ್ಲ, ಇಂಜಿನ್ನು ಪೂರ್ತಿ ಕಾಣುತ್ತದೆ. ನಾನಿರುವ ಜಿಗಣಿಯ ಧೂಳೆಲ್ಲ ಅದರ ಮೇಲೆಯೇ ಕೂರುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ನೂರು ದಾಟಬಲ್ಲ ಈ ಗಾಡಿ ದಿನವೂ ನೀರಿನ ಟ್ಯಾಂಕರ್ ಹಿಂದೆ ತೆವಳುತ್ತದೆ. ಆದರೂ ಆಯುಧಪೂಜೆಗೆಂದು ಹೊಸ ಟೈರು ಹಾಕಿಸಿ, ಚೈನು ತೊಳೆದು ಎಣ್ಣೆ ಬಿಟ್ಟಿದ್ದೆ.

ಪೂಜೆಯ ದಿನ ನಮ್ಮ ಮನೆ ಓನರ್ ಬೂದುಗುಂಬಳಕಾಯಿ ಹಿಡಿದು ಬಂದರು. "ಇಂಥ ಗಾಡಿ ಮ್ಯಾಲೆ ಊರ್ ಕಣ್ಣೆಲ್ಲ ಬಿದ್ದಿರ್ತದೆ ಸಾರ್" ಎಂದು ನಿವಾಳಿಸಿ, ಗೇಟಿನ ಮುಂದೆ ಒಡೆದರು. ಕುಂಕುಮ ಬೆರೆತ ತಿರುಳು ರಸ್ತೆಗೆಲ್ಲ ಚೆಲ್ಲಿತು. ನಾನು ಬೇಡವೆನ್ನಲಿಲ್ಲ.

ಮರುದಿನ ರಜೆ. ರಸ್ತೆ ಖಾಲಿಯಿರುತ್ತದೆಂದು ಕೈಗಾರಿಕಾ ಪ್ರದೇಶದತ್ತ ಹೊರಟೆ. ರಸ್ತೆ ಖಾಲಿಯೇ ಇತ್ತು, ಆದರೆ ಪ್ರತಿ ಕಾರ್ಖಾನೆಯ ಗೇಟಿನ ಮುಂದೆಯೂ ಅಪಘಾತವಾಗದಿರಲೆಂದು ಒಡೆದ ಕುಂಬಳಕಾಯಿ. ಈ ಜನಕ್ಕೆ ಬುದ್ಧಿ ಬರುವುದು ಯಾವಾಗ ಎಂದು ಹೆಲ್ಮೆಟ್ಟಿನೊಳಗೇ ಬೈಯುತ್ತ, ಒಂದೊಂದನ್ನೂ ತಪ್ಪಿಸುತ್ತ, ಮದುವೆ ಮೆರವಣಿಗೆಯ ವೇಗದಲ್ಲಿ ಸುತ್ತಿ ಬಂದೆ.

ಮನೆ ಬಂತೆಂಬ ನೆಮ್ಮದಿಯಲ್ಲಿ ಗೇಟಿನೊಳಕ್ಕೆ ತಿರುಗಿಸಿದೆ. ಹೊಸ ಟೈರು ನಮ್ಮದೇ ಕುಂಬಳಕಾಯಿಯ ಮೇಲೆ ಜಾರಿತು. ಗಾಡಿ ಮಲಗಿತು, ಪಕ್ಕದಲ್ಲಿ ನಾನೂ. ಕನ್ನಡಿ ಒಡೆಯಿತು, ಮೊಣಕೈ ತರಚಿತು.

ಓನರ್ ಓಡಿಬಂದು ನನ್ನನ್ನು ಎಬ್ಬಿಸಿದರು. ನನ್ನನ್ನೂ ಗಾಡಿಯನ್ನೂ ಒಮ್ಮೆ ನೋಡಿ, ದೊಡ್ಡದಾಗಿ ಉಸಿರು ಬಿಟ್ಟರು.

"ನೋಡುದ್ರಾ ಸಾರ್, ನೆನ್ನೆ ಕಾಯಿ ಒಡ್ದಿದ್ದಕ್ಕೆ ಇಷ್ಟರಲ್ಲೇ ಹೋಯ್ತು."