ಸಾಕ್ಷಿ ಹೇಳದ ಎಸ್ತೇರಮ್ಮ

ಬೀದರ್ ಕಡೆಯ ಎಸ್ತೇರಮ್ಮನಿಗೆ ಕಳವಾ ಎಂಬ ಊರಿನ ರೈಲ್ವೆ ಕಾರ್‌ಶೆಡ್ಡಿನಲ್ಲಿ ಲೋಕಲ್ ರೈಲುಗಾಡಿಗಳನ್ನು ತೊಳೆಯುವ ಕೆಲಸ. ಹೋದ ವರ್ಷ ಅವಳ ಒಬ್ಬನೇ ಮಗ ಸುಧೀರ ಗರ್ದಿಯಲ್ಲಿ ಅಂಥದೇ ಗಾಡಿಯ ಬಾಗಿಲಿನಿಂದ ಜಾರಿ ಬಿದ್ದು ಸತ್ತ. ಅವನನ್ನು ಮಣ್ಣು ಮಾಡಿದ ವಾರವೇ ಅವಳು ಚರ್ಚಿನ ಸಭೆಗೆ ಹೋಗಿ, ಎಲ್ಲರ ಜೊತೆ ನಿಂತು ಸ್ತುತಿಗೀತೆ ಹಾಡಿದಳು. ಹಾಡದಿದ್ದರೆ ಉಸಿರು ಕಟ್ಟುವಂತಿತ್ತು, ಅಷ್ಟೇ.

ಸಭೆಯವರಿಗೆ ಅದು ದೊಡ್ಡ ಸಂಗತಿಯಾಯಿತು. ಹೊಸಬರು ಬಂದಾಗಲೆಲ್ಲ ಪಾಸ್ಟರು ಅವಳನ್ನು ಎಬ್ಬಿಸಿ, ದೇವರು ದುಃಖದಲ್ಲಿ ಹೇಗೆ ಕೈಹಿಡಿದನೆಂದು ಸಾಕ್ಷಿ ಹೇಳಿಸುತ್ತಿದ್ದರು. ಜನ ಕಣ್ಣೊರೆಸಿಕೊಂಡು, ತಮ್ಮ ಮಕ್ಕಳ ಕೈ ಹಿಡಿದು ಮನೆಗೆ ಹೋಗುತ್ತಿದ್ದರು. ಎಸ್ತೇರಮ್ಮನ ಖೋಲಿಗೆ ಮಾತ್ರ ಒಬ್ಬರೂ ಬರಲಿಲ್ಲ.

ಈಸ್ಟರ್ ದಿನ ಪಾಸ್ಟರು ಮತ್ತೆ ಕರೆದರು. "ಅಕ್ಕಾ, ದೇವರು ನಿಮಗ ಹ್ಯಾಂಗ ಸಮಾಧಾನ ಕೊಟ್ಟಾನ, ಎಲ್ಲಾರಿಗೂ ಹೇಳ್ರಿ."

ಅವಳು ಏಳಲಿಲ್ಲ. "ಸಮಾಧಾನ ಕೊಟ್ಟಿಲ್ರಿ, ಅಯ್ಯೋರೆ. ದಿನಾ ಅವೇ ಬಾಗಿಲಾ ತೊಳೀತೀನಿ. ದೇವರಿಗೆ ಬೈಕೋತ ತೊಳೀತೀನಿ, ದೇವರ ಹಾಡೇ ಹಾಡ್ಕೋತ ತೊಳೀತೀನಿ. ಆತನ ಬಿಟ್ಟರ ನನಗ ಯಾರಿದ್ದಾರ? ಖರೆ, ನನ್ನ ಮಗ ಸತ್ತಿದ್ದು ನಿಮ್ಮ ಪ್ರಸಂಗದಾಗ ಹೇಳ್ಲಿಕ್ಕಲ್ಲ."

ಪಾಸ್ಟರು ಬೈಬಲಿನ ಹಾಳೆ ತಿರುವಿ ಮುಂದಕ್ಕೆ ಹೋದರು.

ಆಮೇಲೆ ಅವಳನ್ನು ಯಾರೂ ಎಬ್ಬಿಸಲಿಲ್ಲ. ಎಸ್ತೇರಮ್ಮನ ನಂಬಿಕೆ ತಣ್ಣಗಾಗಿದೆಯೆಂದು ಹೆಂಗಸರ ಕೂಟದಲ್ಲಿ ಅವಳಿಗಾಗಿ ಪ್ರಾರ್ಥನೆ ಶುರುವಾಯಿತು. ಅವಳು ಈಗಲೂ ಪ್ರತಿ ಭಾನುವಾರ ಬರುತ್ತಾಳೆ, ಬಿಡದೆ ಹಾಡುತ್ತಾಳೆ. ಅವಳ ಬೆಂಚಿನಲ್ಲಿ ಬೇರೆ ಯಾರೂ ಕೂರುವುದಿಲ್ಲ.