ಮುಲುಂಡಿನಲ್ಲಿ ಸಿಕ್ಕ ಗೂಡು

ಹಕ್ಕಿಗಳ ಮೇಲಿನ ನನ್ನ ಪುಸ್ತಕ ಬಂದ ವರ್ಷ ಮುಂಬಯಿಯ ಕನ್ನಡ ಸಂಘಗಳಲ್ಲಿ ವಾರಕ್ಕೊಂದು ಭಾಷಣವಿರುತ್ತಿತ್ತು. ಮುಲುಂಡಿನಲ್ಲಿ ಗೀಜಗ ಗೂಡು ನೇಯುವುದನ್ನು ವಿವರಿಸಿ ಕೂತೆ. ಹಾರ, ಶಾಲು ಆದಮೇಲೆ ಧಾರವಾಡದ ಕಡೆಯವರಾದ ಕಾರ್ಯದರ್ಶಿ ತಟ್ಟೆಯಲ್ಲಿ ಗೀಜಗದ ಗೂಡನ್ನೇ ತಂದು ನನ್ನ ಕೈಗಿಟ್ಟರು.

“ನಿಮ್ಮ ಪುಸ್ತಕ ಓದಿ, ನಿಮಗಂತನ ಇವತ್ತ ಮುಂಜಾನೆ ಗುಡ್ಡದ ಕಡೆಯಿಂದ ಕೊಯ್ಸಿ ತರಿಸೇವ್ರಿ,” ಎಂದರು. ಸಭೆ ಚಪ್ಪಾಳೆ ತಟ್ಟಿತು.

ಗೂಡಿನೊಳಗೆ ಬೆರಳು ತೂರಿಸಿದೆ. ಎರಡು ಮೊಟ್ಟೆಗಳಿದ್ದವು, ತಣ್ಣಗಾಗಿದ್ದವು.

“ಹೆಂಗ ಅನಸ್ತ್ರಿ?” ಎಂದು ಅವರು ಕೇಳಿದರು. ಮುಖದ ತುಂಬ ಅಭಿಮಾನವಿತ್ತು. ಕೈಮುಗಿದೆ. ಲೋಕಲ್ ರೈಲಿನಲ್ಲಿ ಗೂಡನ್ನು ಮಡಿಲಲ್ಲಿಟ್ಟುಕೊಂಡು ಮನೆಗೆ ಬಂದೆ.

ಮುಂದಿನ ವಾರ ಘಾಟ್ಕೋಪರಿನಲ್ಲಿ ಕಾಗೆಯ ಬಗ್ಗೆ ಮಾತಾಡಿದೆ. ಅದರ ಗೂಡನ್ನು ಸನ್ಮಾನಕ್ಕೆಂದು ಯಾರೂ ಕೊಯ್ಸಿ ತರುವುದಿಲ್ಲ.