ಕಪಾಟಿನ ಕದಿರು

ಗೆಳೆಯರೇ, ಮಧ್ಯಾಹ್ನದಿಂದ ನನ್ನ ಸಿಟ್ಟು ಇಳಿದಿಲ್ಲ.

ನನ್ನ ಕೆಲಸ ನಿಮಗೆ ಗೊತ್ತಲ್ಲ. ಹಳೆಯ ಮರದ ಸಾಮಾನು ಕೊಂಡು, ಬಿಳಿ ಬಣ್ಣ ಹೊಡೆದು, ಅಂಚುಗಳನ್ನು ಪಾಲಿಶ್ ಪೇಪರಿನಿಂದ ಉಜ್ಜಿ, ಇನ್ನಷ್ಟು ಹಳೆಯದಾಗಿ ಕಾಣುವಂತೆ ಮಾಡಿ ಮಾರುತ್ತೇನೆ. ಶ್ಯಾಬಿ ಚಿಕ್ ಅಂತ ಅದರ ಹೆಸರು.

ತೋಡೂರಿನಿಂದ ತಂದ ಸಾಗವಾನಿ ಕಪಾಟು ಇವತ್ತು ಸಿದ್ಧವಾಗಿತ್ತು. ನೌಕಾನೆಲೆಗೆ ಗದ್ದೆ ಬಿಟ್ಟುಕೊಟ್ಟವರ ಮನೆಯದು. ಹೊಸ ಬೆಳೆ ಮನೆಗೆ ತರುವ ಹೊಸ್ತಿನ ಹಬ್ಬಕ್ಕೆ ಕಟ್ಟಿದ ಭತ್ತದ ಕದಿರು ಅದರ ಹಿಡಿಕೆಯಲ್ಲಿ ಹಾಗೇ ಇತ್ತು. ಕೊಡುವಾಗ ಆ ಮನೆಯ ಅಜ್ಜಿ, "ಅದ್ನ ಬಿಚ್ಚೂಕೆ ಹೋಗ್ಬೇಡ ತಮಾ. ಹೊಸ ಕದಿರು ಬಂದ್ಮೇಲೇ ಹಳೇದು ಬಿಚ್ಚೂದು. ನಮ್ಗೆ ಇನ್ನು ಹೊಸದು ಎಲ್ಲಿಂದ ಬರ್ಬೇಕು?" ಅಂದಿದ್ದರು. ಕದಿರಿಗೆ ತಾಗದಂತೆ ಬಣ್ಣ ಹೊಡೆದಿದ್ದೆ.

ಕಪಾಟು ಒಯ್ಯಲು ಹಬ್ಬುವಾಡದ ಮೇಡಂ ಬಂದರು. ಅವರ ತವರು ಶೆಟಗೇರಿ. ಅಲ್ಲೂ ಮನೆಮನೆಯಲ್ಲಿ ಕದಿರು ಕಟ್ಟುತ್ತಾರೆ. "ಇದೆಂತ ಕಸ ಮಾರಾಯ್ರೆ!" ಎನ್ನುತ್ತ, ನಾನು ಬಾಯಿ ತೆರೆಯುವ ಮೊದಲೇ ಅದನ್ನು ಕಿತ್ತು ಎಸೆದರು. ಭತ್ತದ ಕಾಳು ನೆಲದ ತುಂಬ ಚೆಲ್ಲಿತು.

ಆಮೇಲೆ ಪರ್ಸಿನಿಂದ ಯಾವುದೋ ಪತ್ರಿಕೆಯ ಹಾಳೆ ತೆಗೆದರು. ಅದರಲ್ಲಿ ಇಂಥದೇ ಬಿಳಿ ಕಪಾಟು, ಹಿಡಿಕೆಗೆ ರಿಬ್ಬನ್ನಿನಲ್ಲಿ ಕಟ್ಟಿದ ಗೋಧಿ ತೆನೆ.

"ನಂಗೆ ಹಿಂಗೇ ಬೇಕು. ಹಳ್ಳಿ ಮನೆ ಲುಕ್ ಬರ್ತದೆ."

"ಈಗ ನೀವು ಕಿತ್ತದ್ದು ಮತ್ತೆಂತದು ಮೇಡಂ?"

"ಥೋ, ಅದಕ್ಕೆ ಹುಳ ಬೀಳ್ತದೆ. ಗೋಧಿದು ಪ್ಲಾಸ್ಟಿಕ್ಕಿನದು ಸಿಗ್ತದೆ."

ನಾಳೆ ತಂದುಕೊಡುತ್ತಾರಂತೆ. ತೀರಾ ಹೊಸದಾಗಿ ಕಂಡರೆ ಚೆಂದವಿಲ್ಲವಂತೆ. ಪ್ಲಾಸ್ಟಿಕ್ ತೆನೆಗೂ ನಾನೇ ಬಣ್ಣ ಹಚ್ಚಿ, ಹಳೆಯದು ಮಾಡಿಕೊಡಬೇಕಂತೆ.